ಶಾಸನಸಭೆಯಲ್ಲೊಬ್ಬ ವೈದ್ಯೆ

ಪರತಂತ್ರ ಭಾರತದ ರಾಜಕಾರಣಕ್ಕೆ ಅತಿ ಹೆಚ್ಚು ನಾಯಕರನ್ನು ಕೊಟ್ಟ ವೃತ್ತಿ ಯಾವುದು ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ವಕೀಲಿ. ಗಾಂಧಿ, ಮೋತಿಲಾಲ್ ಮತ್ತು ಜವಾಹರಲಾಲ್ ನೆಹರೂ, ಪಟೇಲ್, ರಾಜಾಜಿ, ಅಂಬೇಡ್ಕರ್ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಕರಿಕೋಟು ಕಳಚಿ ಬೀದಿಗಿಳಿದವರ ಕಥೆ ನಮಗೆ ಪಾಠಪುಸ್ತಕದಿಂದಲೇ ಪರಿಚಿತ. ಆದರೆ ಅದೇ ಕಾಲದಲ್ಲಿ ರೋಗಿಯ ನಾಡಿ ಬಿಟ್ಟು ನಾಡಿನ ನಾಡಿ ಹಿಡಿಯಲು ಹೊರಟ ವೈದ್ಯರ ಒಂದು ಸಣ್ಣ ಪರಂಪರೆಯೂ ಇತ್ತು. 1912ರಲ್ಲಿ ವೈದ್ಯಕೀಯ ತಂಡದೊಂದಿಗೆ ತುರ್ಕಿಗೆ ಹೋಗಿ, 1927ರ ಮದರಾಸು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ ಡಾ. ಎಂ.ಎ. ಅನ್ಸಾರಿ, ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ಡಾ. ಬಿ.ಸಿ. ರಾಯ್, ಅಮೆರಿಕದಲ್ಲಿ ಓದಿ ಬಂದು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ನಮ್ಮ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಈ ಪರಂಪರೆಗೆ ಸೇರಿದವರು.

ಇವರಲ್ಲಿ ಹಲವರು ರಾಜಕಾರಣಕ್ಕೆ ಬಂದ ಮೇಲೆ ಎಲ್ಲ ರಾಜಕಾರಣಿಗಳಂತೆಯೇ ಆದರು. ಅದು ತಪ್ಪೇನೂ ಅಲ್ಲ. ಆದರೆ ಶಾಸನಸಭೆಯಲ್ಲಿ ಕುಳಿತಾಗಲೂ ವೈದ್ಯೆಯಾಗಿಯೇ ಉಳಿದ, ರೋಗವನ್ನು ನೋಡುವ ಕಣ್ಣಿನಿಂದಲೇ ಸಮಾಜವನ್ನು ನೋಡಿದ ಒಬ್ಬರಿದ್ದಾರೆ: ಡಾ. ಮುತ್ತುಲಕ್ಷ್ಮಿ ರೆಡ್ಡಿ. ಬ್ರಿಟಿಷ್ ಭಾರತದ ಮೊದಲ ಶಾಸಕಿ, ಶಾಸನಸಭೆಯೊಂದರ ಮೊದಲ ಉಪಾಧ್ಯಕ್ಷೆ, ಪುದುಕೋಟೆಯ ಮಹಾರಾಜಾ ಕಾಲೇಜಿನ ಮೊದಲ ವಿದ್ಯಾರ್ಥಿನಿ ಎಂದೆಲ್ಲ ಅವರನ್ನು ನೆನೆಯುವುದುಂಟು. ‘ಮೊದಲಿಗರು’ ಎಂದು ಪಟ್ಟಕಟ್ಟಿ ಪಕ್ಕಕ್ಕಿಡುವುದು ನಮ್ಮ ಸಾರ್ವಜನಿಕ ಸ್ಮೃತಿಯ ಹಳೆಯ ಚಾಳಿ. ಅವರು ಮೊದಲಿಗರಾಗಿದ್ದರು ಎಂಬುದಕ್ಕಿಂತ, ಕಾನೂನು ಮಾಡಿದಲ್ಲಿಗೆ ಕೆಲಸ ಮುಗಿಯಿತೆಂದು ಅವರು ಎಂದೂ ಭಾವಿಸಲಿಲ್ಲ ಎಂಬುದೇ ಹೆಚ್ಚು ಮುಖ್ಯ. ಮಸೂದೆ ಅಂಗೀಕಾರವಾದ ದಿನವೇ ಸಮಸ್ಯೆ ಬಗೆಹರಿಯಿತೆಂದು ಬೆನ್ನು ತಟ್ಟಿಕೊಳ್ಳುವ ಶಾಸನಸಭೆಗಳಿಗೆ, ಅದರಲ್ಲೂ ದೇವದಾಸಿ ಪದ್ಧತಿಯ ನಿಷೇಧದ ದೀರ್ಘ ಚರಿತ್ರೆಯನ್ನು ಹೊತ್ತ ಕರ್ನಾಟಕಕ್ಕೆ, ಈ ಬದುಕು ಇಂದಿಗೂ ಹೇಳಬೇಕಾದ ಮಾತೊಂದಿದೆ.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ತಮಿಳು ಸೀಮೆಯ ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಿಂದ ಬಂದವರು. ಈ ಸಂಬಂಧಕ್ಕಾಗಿ ತಂದೆ ತಮ್ಮ ಬಂಧುಬಳಗದ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಒಂದೇ ಮನೆಯಲ್ಲಿ ಎರಡು ಲೋಕಗಳು. ಒಂದು ಲೋಕದಲ್ಲಿ ಓದು, ಉದ್ಯೋಗ, ಗೌರವಗಳಿದ್ದವು. ಇನ್ನೊಂದರಲ್ಲಿ ಹಾಡು, ಕುಣಿತ, ದೇವಾಲಯದ ಸೇವೆ ಮತ್ತು ಊರಿನ ತಿರಸ್ಕಾರಗಳಿದ್ದವು. ಹುಡುಗಿ ಯಾವ ಲೋಕಕ್ಕೆ ಸೇರಬೇಕೆಂಬುದು ಹುಟ್ಟಿನಿಂದ ತೀರ್ಮಾನವಾಗುತ್ತಿದ್ದ ಕಾಲ ಅದು. ಮುಂದೆ ಶಾಸನಸಭೆಯಲ್ಲಿ ಆಕೆ ಮಾತನಾಡಿದ ಹೆಣ್ಣುಮಕ್ಕಳ ಬದುಕು ಆಕೆಗೆ ಸರ್ಕಾರಿ ವರದಿಯಿಂದ ತಿಳಿದದ್ದಲ್ಲ ಎಂಬುದನ್ನು ನೆನಪಿಟ್ಟರೆ ಆ ಮಾತಿನ ತೀವ್ರತೆ ಅರ್ಥವಾಗುತ್ತದೆ.

ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಖಾಸಗಿಯಾಗಿ ಕುಳಿತು ತೇರ್ಗಡೆಯಾದ ಮುತ್ತುಲಕ್ಷ್ಮಿ ಕಾಲೇಜು ಸೇರಲು ಅರ್ಜಿ ಹಾಕಿದಾಗ ಸಂಸ್ಥಾನದಲ್ಲಿ ಸಣ್ಣ ಬಿರುಗಾಳಿಯೇ ಎದ್ದಿತು. ಗಂಡುಮಕ್ಕಳ ಕಾಲೇಜಿನಲ್ಲಿ ಹೆಣ್ಣು ಕುಳಿತರೆ ಶಿಸ್ತು ಕೆಡುತ್ತದೆ ಎಂಬುದು ಒಂದು ಆಕ್ಷೇಪವಾದರೆ, ಆಕೆಯ ತಾಯಿಯ ಹಿನ್ನೆಲೆ ಇನ್ನೊಂದು. ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನ್ ಈ ಆಕ್ಷೇಪಗಳನ್ನು ತಳ್ಳಿಹಾಕಿ ಪ್ರವೇಶ ಕೊಡಿಸಿದರು, ವಿದ್ಯಾರ್ಥಿವೇತನವನ್ನೂ ನೀಡಿದರು. 1907ರಲ್ಲಿ ಆಕೆ ಮದರಾಸು ವೈದ್ಯಕೀಯ ಕಾಲೇಜು ಸೇರಿದರು. 1912ರಲ್ಲಿ ಪದಕಗಳೊಂದಿಗೆ ಪದವಿ ಪಡೆದು, ಎಗ್ಮೋರಿನ ಸರ್ಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ವಿವಾಹವಾದರು. ತಮ್ಮನ್ನು ಸಮಾನಳೆಂದು ಕಾಣಬೇಕು, ತಮ್ಮ ಇಷ್ಟದ ಕೆಲಸಕ್ಕೆ ಅಡ್ಡಿ ಬರಬಾರದು ಎಂಬ ಷರತ್ತನ್ನು ಅವರು ಮದುವೆಗೆ ಮುನ್ನವೇ ಇಟ್ಟಿದ್ದರು. ಆ ಕಾಲದ ಹೆಣ್ಣೊಬ್ಬಳು ಮದುವೆಗೆ ಒಪ್ಪಂದಪತ್ರ ಬರೆದಂತೆ ಮಾತನಾಡಿದ್ದು ಸಾಮಾನ್ಯ ಸಂಗತಿಯಲ್ಲ.

ವೈದ್ಯವೃತ್ತಿಯ ಆ ವರ್ಷಗಳು ಅವರಿಗೆ ಎರಡು ಪಾಠ ಕಲಿಸಿದವು. ಮೊದಲನೆಯದು, ಚಿಕಿತ್ಸಾಲಯಕ್ಕೆ ಬರುವ ಹೆಂಗಸರ ಎಷ್ಟೋ ಕಾಯಿಲೆಗಳ ಮೂಲ ದೇಹದಲ್ಲಿರಲಿಲ್ಲ. ಬಾಲ್ಯವಿವಾಹ, ಎಳೆಯ ವಯಸ್ಸಿನ ಹೆರಿಗೆ, ಅನಕ್ಷರತೆ, ಗಂಡಸಿನಿಂದ ಅಂಟಿದ ಗುಹ್ಯರೋಗಗಳು, ಹೀಗೆ ಮನೆ ಮತ್ತು ಸಮಾಜದಲ್ಲಿ ಹುಟ್ಟಿದ ಕಾರಣಗಳೇ ಹೆಣ್ಣಿನ ಮೈಮೇಲೆ ಲಕ್ಷಣಗಳಾಗಿ ಕಾಣಿಸಿಕೊಳ್ಳುತ್ತಿದ್ದವು. ಔಷಧಿ ಕೊಟ್ಟು ಕಳುಹಿಸಿದರೆ ಅದೇ ರೋಗಿ ಅದೇ ಕಾಯಿಲೆಯೊಂದಿಗೆ ಮತ್ತೆ ಬರುತ್ತಿದ್ದಳು. ಎರಡನೆಯ ಪಾಠ ಮನೆಯೊಳಗಿನದು. 1923ರಲ್ಲಿ ಅವರ ತಂಗಿ ಕ್ಯಾನ್ಸರಿಗೆ ಬಲಿಯಾದರು. ರೋಗ ಪತ್ತೆಯಾಗುವ ಹೊತ್ತಿಗೆ ತಡವಾಗಿತ್ತು. ಅಕ್ಕ ಭಾವ ಇಬ್ಬರೂ ವೈದ್ಯರಾಗಿದ್ದ ಮನೆಯಲ್ಲೇ ಹೀಗಾದರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಮೂರು ದಶಕ ಅವರ ಬೆನ್ನು ಹತ್ತಿತು.

ರಾಜಕಾರಣ ಅವರು ಬಯಸಿ ಬಂದ ಕ್ಷೇತ್ರವಲ್ಲ. ಮದರಾಸು ಪ್ರಾಂತ್ಯದಲ್ಲಿ ಆಸ್ತಿಯುಳ್ಳ ಹೆಂಗಸರಿಗೆ 1921ರಲ್ಲಿಯೇ ಮತದಾನದ ಹಕ್ಕು ದೊರಕಿತ್ತು. ಚುನಾವಣೆಗೆ ನಿಲ್ಲುವ ಅವಕಾಶ ದೊರೆತದ್ದು 1926ರಲ್ಲಿ. ಆ ವರ್ಷ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಒಂದು ಜಿಲ್ಲೆಯಾಗಿತ್ತು. ಆ ಸೋಲಿನಿಂದಾಗಿ ಪರಿಷತ್ತಿಗೆ ಚುನಾವಣೆಯ ಬಾಗಿಲಿನಿಂದ ಹೆಣ್ಣು ಬರುವುದು ತಪ್ಪಿತು. ಉಳಿದ ದಾರಿ ನಾಮಕರಣ ಒಂದೇ. ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್ ಮೊದಲಾದವರು 1917ರಲ್ಲಿ ಕಟ್ಟಿದ್ದ ಭಾರತೀಯ ಮಹಿಳಾ ಸಂಘ ಮುತ್ತುಲಕ್ಷ್ಮಿಯವರ ಹೆಸರನ್ನು ಸೂಚಿಸಿತು. ಆಗಷ್ಟೇ ಇಂಗ್ಲೆಂಡಿನಲ್ಲಿ ಸ್ತ್ರೀರೋಗ ಚಿಕಿತ್ಸೆಯಲ್ಲಿ ಉನ್ನತ ತರಬೇತಿ ಪಡೆದು ಬಂದಿದ್ದ ಅವರಿಗೆ ವೃತ್ತಿ ಬಿಡುವ ಮನಸ್ಸಿರಲಿಲ್ಲ. ಹಿಂಜರಿಕೆಯಿಂದಲೇ ಒಪ್ಪಿದರು. 1927ರಲ್ಲಿ ಸದನ ಅವರನ್ನು ಸರ್ವಾನುಮತದಿಂದ ಉಪಾಧ್ಯಕ್ಷೆಯಾಗಿ ಆರಿಸಿತು.

ಹೆಣ್ಣೊಬ್ಬಳನ್ನು ಎತ್ತರದ ಪೀಠದಲ್ಲಿ ಕೂರಿಸಿದರೆ ಸದನಕ್ಕೂ ಗೌರವ, ತೊಂದರೆಯೂ ಇಲ್ಲ ಎಂದು ಕೆಲವರಾದರೂ ಎಣಿಸಿದ್ದಿರಬೇಕು. ಹಾಗೆ ಎಣಿಸಿದವರ ಲೆಕ್ಕ ಬೇಗನೆ ತಪ್ಪಿತು. ಶಾಲಾಮಕ್ಕಳ ವೈದ್ಯಕೀಯ ತಪಾಸಣೆ, ಮಕ್ಕಳಿಗೇ ಮೀಸಲಾದ ಆಸ್ಪತ್ರೆ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಹೆಚ್ಚಿನ ಅನುದಾನ, ವಿವಾಹ ವಯಸ್ಸಿನ ಏರಿಕೆ, ವೇಶ್ಯಾಗೃಹಗಳ ನಿಯಂತ್ರಣ ಇವೆಲ್ಲ ಅವರು ಸದನದಲ್ಲಿ ಕೈಗೆತ್ತಿಕೊಂಡ ವಿಷಯಗಳು. ಮೇಲ್ನೋಟಕ್ಕೆ ಬಿಡಿಬಿಡಿಯಾಗಿ ಕಾಣುವ ಈ ಬೇಡಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಬ್ಬ ವೈದ್ಯೆ ಬರೆದ ಔಷಧಚೀಟಿ ಕಾಣುತ್ತದೆ. ಚಿಕಿತ್ಸಾಲಯದಲ್ಲಿ ಕಂಡ ರೋಗಗಳ ಬೇರುಗಳನ್ನೇ ಅವರು ಒಂದೊಂದಾಗಿ ಸದನದ ಮೇಜಿನ ಮೇಲೆ ತಂದಿಟ್ಟರು. ಭಾರತದ ಶಿಕ್ಷಣ ಸ್ಥಿತಿಯನ್ನು ಪರಿಶೀಲಿಸಲು ನೇಮಿಸಿದ್ದ ಹಾರ್ಟಾಗ್ ಸಮಿತಿಯ ಸದಸ್ಯೆಯಾಗಿಯೂ ಅವರು ಅದೇ ಎಳೆಯನ್ನು ಮುಂದುವರಿಸಿದರು.

ಆದರೆ ಅವರ ಹೆಸರನ್ನು ಮನೆಮಾತಾಗಿಸಿದ್ದು ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟ. 1927ರ ನವೆಂಬರಿನಲ್ಲಿ, ಎಳೆಯ ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಬಿಡುವುದನ್ನು ನಿಲ್ಲಿಸಲು ಸರ್ಕಾರ ಶಾಸನ ತರಬೇಕೆಂಬ ನಿರ್ಣಯವನ್ನು ಅವರು ಮಂಡಿಸಿದರು. ಇದಕ್ಕೆ ಮೇಲ್ಪಂಕ್ತಿ ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನ 1909ರಲ್ಲಿಯೇ ತನ್ನ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ದೇಶೀಯ ಅರಸರೊಬ್ಬರ ಸರ್ಕಾರಕ್ಕೆ ಸಾಧ್ಯವಾದದ್ದು ಮದರಾಸಿನ ಗವರ್ನರರ ಸರ್ಕಾರಕ್ಕೆ ಕಷ್ಟವೆನಿಸಿತು. ಧಾರ್ಮಿಕ ವಿಷಯದಲ್ಲಿ ಕೈಹಾಕಲು ಬ್ರಿಟಿಷರು ಹಿಂಜರಿದರು. ಪರಂಪರೆ ಅಳಿಯುತ್ತದೆ, ಕಲೆ ನಾಶವಾಗುತ್ತದೆ, ಶಾಸ್ತ್ರಕ್ಕೆ ಅಪಚಾರವಾಗುತ್ತದೆ ಎಂದು ಗಣ್ಯರು ಎದ್ದು ನಿಂತು ವಾದಿಸಿದರು. ಸ್ವರಾಜ್ಯಕ್ಕಾಗಿ ಗುಡುಗುತ್ತಿದ್ದ ಕೆಲವು ನಾಯಕರೂ ಈ ವಿಷಯದಲ್ಲಿ ಸಂಪ್ರದಾಯದ ಪಕ್ಷ ವಹಿಸಿದರು. ಗಾಂಧೀಜಿ ಮಾತ್ರ ತಮ್ಮ ಪತ್ರಿಕೆಯಲ್ಲಿ ಬರೆದು ಮುತ್ತುಲಕ್ಷ್ಮಿಯವರಿಗೆ ಬಹಿರಂಗ ಬೆಂಬಲ ನೀಡಿದರು.

ಈ ಹೋರಾಟದಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ, ಆದರೆ ಅವರ ನಿದಾನದ ಸೂಕ್ಷ್ಮತೆಯನ್ನು ತೋರುವ ಒಂದು ಘಟ್ಟವಿದೆ. ದೇವದಾಸಿ ಮನೆತನಗಳಲ್ಲಿ ಅನೇಕವು ದೇವಾಲಯದ ಇನಾಮು ಜಮೀನನ್ನು ಅನುಭವಿಸುತ್ತಿದ್ದವು. ಆ ಜಮೀನು ಕೈಯಲ್ಲಿ ಉಳಿಯಬೇಕಾದರೆ ತಲೆಮಾರಿಗೊಬ್ಬ ಹುಡುಗಿಯನ್ನು ಸೇವೆಗೆ ಬಿಡಲೇಬೇಕಿತ್ತು. ಅಂದರೆ ಪದ್ಧತಿಯನ್ನು ಹಿಡಿದಿಟ್ಟಿದ್ದು ಭಕ್ತಿಯಷ್ಟೇ ಅಲ್ಲ, ಭೂಮಿ ಕೂಡ. ‘ಸೇವೆ ನಿಲ್ಲಿಸಿ’ ಎಂದು ಬರಿದೇ ಆಜ್ಞೆ ಹೊರಡಿಸಿದ್ದರೆ ಆ ಕುಟುಂಬಗಳು ಬೀದಿಗೆ ಬೀಳುತ್ತಿದ್ದವು, ಇಲ್ಲವೇ ಕದ್ದುಮುಚ್ಚಿ ಪದ್ಧತಿಯನ್ನು ಮುಂದುವರಿಸುತ್ತಿದ್ದವು. ಮುತ್ತುಲಕ್ಷ್ಮಿ ಮೊದಲು ಈ ಗಂಟನ್ನು ಬಿಚ್ಚಿದರು. 1929ರಲ್ಲಿ ಅವರ ಪ್ರಯತ್ನದಿಂದ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ತಿದ್ದುಪಡಿಯಾಯಿತು. ದೇವಾಲಯದ ಸೇವೆಯಿಂದ ಬಿಡುಗಡೆ ಹೊಂದಿಯೂ ಆ ಹೆಂಗಸರು ಜಮೀನನ್ನು ಉಳಿಸಿಕೊಳ್ಳಲು ಅದು ದಾರಿ ಮಾಡಿತು. ನಿಷೇಧಕ್ಕೆ ಮುನ್ನ ಜೀವನೋಪಾಯ. ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಒಡ್ಡುವ ಮುನ್ನ ಆಕೆಯ ಮೈಯಲ್ಲಿ ರಕ್ತವಿದೆಯೇ ಎಂದು ನೋಡುವ ವೈದ್ಯರ ವಿವೇಕ ಇದು.

ಮುಂದಿನ ಹೆಜ್ಜೆಯಾಗಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ಅಪರಾಧವಾಗಿಸುವ ಮಸೂದೆಯನ್ನು ಅವರು 1930ರಲ್ಲಿ ತಂದರು. ಅದೇ ವರ್ಷ ಉಪ್ಪಿನ ಸತ್ಯಾಗ್ರಹ ನಡೆಯಿತು. ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾಯಿತು. ಮುತ್ತುಲಕ್ಷ್ಮಿ ಅದನ್ನು ಪ್ರತಿಭಟಿಸಿ ಪರಿಷತ್ತಿಗೆ ರಾಜೀನಾಮೆ ನೀಡಿದರು. ತಾವು ಹೊತ್ತು ಹೆತ್ತ ಮಸೂದೆಯನ್ನು ಅರ್ಧದಲ್ಲಿ ಬಿಟ್ಟು ಹೊರಬರುವುದು ಸುಲಭದ ತೀರ್ಮಾನವಾಗಿರಲಾರದು. ಅವರಿಲ್ಲದ ಸದನದಲ್ಲಿ ಆ ಮಸೂದೆಯನ್ನು ಮುಂದಕ್ಕೊಯ್ಯುವವರು ಯಾರೂ ಇರಲಿಲ್ಲ. ಮದರಾಸು ದೇವದಾಸಿ ಕಾಯ್ದೆ ಜಾರಿಗೆ ಬರಲು 1947ನೇ ಇಸವಿಯೇ ಬೇಕಾಯಿತು. ಅಂದರೆ ಹದಿನೇಳು ವರ್ಷ. ಆ ಅವಧಿಯಲ್ಲಿ ಗೆಜ್ಜೆ ಕಟ್ಟಿಸಿಕೊಂಡ ಎಳೆಯ ಹುಡುಗಿಯರ ಲೆಕ್ಕವನ್ನು ರಾಷ್ಟ್ರೀಯ ಹೋರಾಟದ ಯಾವ ಚರಿತ್ರೆಯೂ ಇಟ್ಟಿಲ್ಲ. ರಾಜೀನಾಮೆ ಸರಿಯೋ ತಪ್ಪೋ ಎಂದು ಇಂದು ಕುಳಿತು ತೀರ್ಪು ಕೊಡುವುದು ಸುಲಭ. ದೇಶದ ಬಿಡುಗಡೆ ಮತ್ತು ಹೆಣ್ಣಿನ ಬಿಡುಗಡೆ ಒಂದೇ ದಾರಿಯಲ್ಲಿ ನಡೆಯುತ್ತವೆ ಎಂಬ ನಂಬಿಕೆಗೆ ಬೆಲೆ ತೆತ್ತವರು ಯಾರು ಎಂಬುದನ್ನಾದರೂ ನಾವು ಮರೆಯಬಾರದು.

ಸದನದಿಂದ ಹೊರಬಂದ ವೈದ್ಯೆ ಸುಮ್ಮನೆ ಕೂರಲಿಲ್ಲ. ದೇವದಾಸಿ ಮನೆತನದ ಕೆಲವು ಬಾಲಕಿಯರು ಆ ಬದುಕು ಬೇಡವೆಂದು ಅವರ ಮನೆಬಾಗಿಲಿಗೆ ಬಂದಿದ್ದರು. ಅವರ ಹುಟ್ಟಿನ ಕಾರಣಕ್ಕೆ ನಗರದ ವಿದ್ಯಾರ್ಥಿನಿಲಯಗಳು ಜಾಗ ಕೊಡಲಿಲ್ಲ. ಉದ್ಧಾರದ ಬಗ್ಗೆ ಭಾಷಣ ಮಾಡುವ ಸಮಾಜ, ಉದ್ಧಾರವಾಗಲು ಬಂದವರನ್ನು ಒಳಗೆ ಬಿಟ್ಟುಕೊಳ್ಳಲು ಸಿದ್ಧವಿರಲಿಲ್ಲ. ಮುತ್ತುಲಕ್ಷ್ಮಿ ಆ ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ತಮಿಳಿನ ಪ್ರಾಚೀನ ಕವಯಿತ್ರಿಯ ಹೆಸರು ಹೊತ್ತ ‘ಅವ್ವೈ ಹೋಂ’ ಹುಟ್ಟಿದ್ದು ಹೀಗೆ. ಮುಂದೆ ಅಡ್ಯಾರಿಗೆ ಸ್ಥಳಾಂತರಗೊಂಡ ಆ ಸಂಸ್ಥೆ ಅನಾಥ, ಪರಿತ್ಯಕ್ತ, ಬಡ ಹೆಣ್ಣುಮಕ್ಕಳಿಗೆ ಊಟ, ವಸತಿ, ಓದು ಕೊಡುತ್ತಾ ಬೆಳೆಯಿತು. ಕಾನೂನು ಇನ್ನೂ ಬಂದಿರಲಿಲ್ಲ. ಆರೈಕೆ ಆಗಲೇ ಆರಂಭವಾಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಇನ್ನೊಂದು ಸ್ತುತಿಲೇಖನವಾದೀತು. ಮುತ್ತುಲಕ್ಷ್ಮಿಯವರನ್ನು ವಿರೋಧಿಸಿದವರಲ್ಲಿ ಸಂಪ್ರದಾಯವಾದಿ ಗಂಡಸರಷ್ಟೇ ಇರಲಿಲ್ಲ, ಸ್ವತಃ ದೇವದಾಸಿಯರೂ ಇದ್ದರು. ಅವರ ಮುಂಚೂಣಿಯಲ್ಲಿ ನಿಂತವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರ ಕಟ್ಟಿಸಿದ, ವಿದುಷಿ ಬೆಂಗಳೂರು ನಾಗರತ್ನಮ್ಮ. ತೆಲುಗು ಕವಯಿತ್ರಿ ಮುದ್ದುಪಳನಿಯ ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿ, ಅಶ್ಲೀಲವೆಂದು ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಾಗಲೂ ಜಗ್ಗದ ಗಟ್ಟಿಗಿತ್ತಿ ಆಕೆ. ಮದರಾಸು ಪ್ರಾಂತ್ಯದ ದೇವದಾಸಿಯರ ಸಂಘ ಸರ್ಕಾರಕ್ಕೆ ಸಲ್ಲಿಸಿದ ಮನವಿಯ ಸಾರ ಇಷ್ಟು: ನಮ್ಮೆಲ್ಲರನ್ನೂ ವೇಶ್ಯೆಯರೆಂದು ಕರೆಯಬೇಡಿ, ನಮ್ಮ ಆಸ್ತಿಹಕ್ಕು, ದತ್ತುಹಕ್ಕು, ವಿದ್ಯೆಗಳನ್ನು ಕಸಿಯಬೇಡಿ, ದೋಷಗಳಿದ್ದರೆ ನಮಗೆ ಧಾರ್ಮಿಕ, ಸಾಹಿತ್ಯಕ, ಕಲಾ ಶಿಕ್ಷಣ ಕೊಟ್ಟು ತಿದ್ದಿ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಲ್ಲಿ ತಲೆಕೆಳಗಾಗಿತ್ತು. ರೋಗಿ ಹೇಳಿದ್ದು ಒಂದು, ವೈದ್ಯೆ ಬರೆದುಕೊಟ್ಟದ್ದು ಇನ್ನೊಂದು. ಮುತ್ತುಲಕ್ಷ್ಮಿಯವರ ಮಾತುಗಳಲ್ಲಿ ಆ ಕಾಲದ ಸುಧಾರಕರಿಗೆ ಸಹಜವಾದ ನೈತಿಕ ಶುದ್ಧಿಯ ಭಾಷೆ ದಟ್ಟವಾಗಿದೆ. ಗೌರವಸ್ಥ ಗೃಹಿಣಿಯ ಬದುಕೇ ಹೆಣ್ಣಿನ ಆದರ್ಶವೆಂಬ ಗ್ರಹಿಕೆಯಿಂದ ಅವರು ಪೂರ್ತಿ ಹೊರಬರಲಿಲ್ಲ. ಆಗಿನ ನ್ಯಾಯಾಲಯಗಳು ಮಾನ್ಯ ಮಾಡಿದ್ದಂತೆ, ದೇವದಾಸಿ ಮನೆತನದಲ್ಲಿ ತಾಯಿಯ ಆಸ್ತಿ ಮಗಳಿಗೆ ಬರುತ್ತಿತ್ತು. ಇತರ ಹಿಂದೂ ಹೆಂಗಸರಿಗೆ ಆ ಭಾಗ್ಯವಿರಲಿಲ್ಲ. ಸುಧಾರಣೆಯ ನಂತರ ಆ ಆಸ್ತಿಯ ಮೇಲಿನ ಹಿಡಿತ ಹೆಣ್ಣಿನ ಕೈತಪ್ಪಿ ಮನೆಯ ಗಂಡಸರತ್ತ ಸರಿಯಿತೆಂದು ಸಂಶೋಧಕರು ಬರೆದಿದ್ದಾರೆ. 1947ರ ಕಾಯ್ದೆ ದೇವರಿಗೆ ಬಿಡುವುದರ ಜೊತೆಗೆ ದೇವದಾಸಿಯರು ದೇವಾಲಯದಲ್ಲಿ, ಉತ್ಸವಗಳಲ್ಲಿ ನರ್ತಿಸುವುದನ್ನೂ ನಿಷೇಧಿಸಿತು. ಅಷ್ಟರಲ್ಲಿ ಅದೇ ನೃತ್ಯ ‘ಭರತನಾಟ್ಯ’ವೆಂಬ ಹೆಸರಿನಲ್ಲಿ ಮೇಲ್ಜಾತಿಯ ಮನೆಗಳ ಹೆಣ್ಣುಮಕ್ಕಳ ಮೂಲಕ ಸಭಾಂಗಣಗಳಲ್ಲಿ ಪ್ರತಿಷ್ಠೆ ಪಡೆಯತೊಡಗಿತ್ತು. ಕಲೆ ಉಳಿಯಿತು. ತಲೆಮಾರುಗಳಿಂದ ಅದನ್ನು ಕಾಪಾಡಿದವರು ಹಿಂದೆ ಉಳಿದರು.

ಹಾಗೆಂದು ಮುತ್ತುಲಕ್ಷ್ಮಿ ಎತ್ತಿದ ಮೂಲ ಪ್ರಶ್ನೆ ಸುಳ್ಳಾಗುವುದಿಲ್ಲ. ನಾಗರತ್ನಮ್ಮನವರಂಥ ವಿದುಷಿಗೆ ಆಯ್ಕೆಯಿತ್ತು. ಏಳೆಂಟು ವರ್ಷದ ಮಗುವಿಗೆ ಯಾವ ಆಯ್ಕೆಯೂ ಇರಲಿಲ್ಲ. ತನ್ನ ಬದುಕನ್ನು ಕುರಿತ ನಿರ್ಧಾರವನ್ನು ತಾನು ಮಾತು ಕಲಿಯುವ ಮೊದಲೇ ಇತರರು ಕೈಗೊಂಡಿದ್ದರೆ ಅದನ್ನು ಪರಂಪರೆಯೆಂದು ಕರೆದು ಸಮರ್ಥಿಸಲಾಗದು. ಈ ವಾದಕ್ಕೆ ಅಂದಿನ ಪಂಡಿತರಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಇಬ್ಬರು ಹೆಂಗಸರೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯವನ್ನೇ ನುಡಿದರು. ಒಬ್ಬರು ಮಗುವಿನ ಪರವಾಗಿ ಮಾತನಾಡಿದರು. ಇನ್ನೊಬ್ಬರು ಬೆಳೆದು ನಿಂತ ಹೆಣ್ಣಿನ ಘನತೆಯ ಪರವಾಗಿ ಮಾತನಾಡಿದರು. ಶಾಸನ ಮೊದಲನೆಯ ಮಾತನ್ನು ಕೇಳಿಸಿಕೊಂಡಿತು. ಎರಡನೆಯದನ್ನು ಕೇಳಿಸಿಕೊಳ್ಳಲಿಲ್ಲ.

ಈ ಚರಿತ್ರೆ ಕನ್ನಡಿಗರಿಗೆ ದೂರದ ಮಾತಲ್ಲ. 1947ರ ಮದರಾಸು ಕಾಯ್ದೆ ಅಂದು ಆ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೂ ದಕ್ಷಿಣ ಕನ್ನಡಕ್ಕೂ ಅನ್ವಯಿಸಿತ್ತು. ಮುಂಬೈ ಪ್ರಾಂತ್ಯದ ಬೆಳಗಾವಿ, ಧಾರವಾಡ, ವಿಜಾಪುರಗಳಲ್ಲಿ 1934ರಲ್ಲಿಯೇ ಒಂದು ಕಾಯ್ದೆ ಬಂದಿತ್ತು. ಇಡೀ ರಾಜ್ಯಕ್ಕಾಗಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪುಗೊಂಡದ್ದು 1982ರಲ್ಲಿ. ಇಷ್ಟೆಲ್ಲ ಕಾಯ್ದೆಗಳ ತರುವಾಯ, 1993–94 ಮತ್ತು 2007–08ರಲ್ಲಿ ರಾಜ್ಯ ಸರ್ಕಾರ ನಡೆಸಿದ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಇವರಲ್ಲಿ ಬಹುಪಾಲು ದಲಿತರು. ತಂಜಾವೂರಿನ ದೇವದಾಸಿಯರಂತೆ ಇವರಿಗೆ ಇನಾಮು ಜಮೀನಿರಲಿಲ್ಲ, ರಾಜಾಶ್ರಯವಿರಲಿಲ್ಲ, ಸಭಾಮರ್ಯಾದೆಯೂ ಇರಲಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಕಟ್ಟಿದ ಮುತ್ತಿನ ಹಿಂದೆ ಇದ್ದದ್ದು ಬಡತನ, ಜಾತಿ ಮತ್ತು ಊರ ಉಳ್ಳವರ ದಬ್ಬಾಳಿಕೆ.

ಇಲ್ಲಿಯೇ ಮುತ್ತುಲಕ್ಷ್ಮಿಯವರ ಕ್ರಮ ನಮಗೆ ಪಾಠವಾಗಬೇಕು. ಅವರು ಜಮೀನಿನ ಪ್ರಶ್ನೆಯನ್ನು ಮೊದಲು ಬಗೆಹರಿಸಿ, ನಿಷೇಧವನ್ನು ನಂತರ ತಂದು, ನಡುವೆ ಆಶ್ರಯದ ಬಾಗಿಲನ್ನೂ ತೆರೆದಿಟ್ಟರು. ನಾವು ಮಾಡಿದ್ದು ತದ್ವಿರುದ್ಧ. ಮೊದಲು ನಿಷೇಧ ಘೋಷಿಸಿದೆವು. ಪುನರ್ವಸತಿ ಯೋಜನೆ ಬಂದದ್ದು ಸುಮಾರು ಒಂದು ದಶಕದ ನಂತರ. ಮಾಸಾಶನ, ಸಾಲ, ಮನೆ ಎಂದು ಯೋಜನೆಗಳು ಬೆಳೆದವು, ನಿಜ. ಆದರೆ ಸಮೀಕ್ಷೆಯಿಂದ ಹೊರಗುಳಿದವರು, ತಂದೆಯ ಹೆಸರು ಬರೆಯಬೇಕಾದ ಅರ್ಜಿಯ ಮುಂದೆ ತಡವರಿಸಿದ ಮಕ್ಕಳು, ತಾಯಿಯ ಹಣೆಪಟ್ಟಿಯನ್ನು ಹೊತ್ತು ಶಾಲೆಗೆ ಹೋದ ಹೆಣ್ಣುಮಕ್ಕಳು ದಶಕಗಳ ಕಾಲ ಕಾಯಬೇಕಾಯಿತು. 2025ರಲ್ಲಿ ಮಂಡನೆಯಾದ ಹೊಸ ಮಸೂದೆಯ ಹೆಸರಿನಲ್ಲಿಯೇ ನಿಷೇಧದ ಜೊತೆಗೆ ಪರಿಹಾರ ಮತ್ತು ಪುನರ್ವಸತಿ ಎಂಬ ಪದಗಳು ಸೇರಿದವು. 1929ರಲ್ಲಿ ಒಬ್ಬ ವೈದ್ಯೆಗೆ ಹೊಳೆದದ್ದು ನಮ್ಮ ಶಾಸನದ ಶೀರ್ಷಿಕೆಗೆ ಏರಲು ತೊಂಬತ್ತಾರು ವರ್ಷ ಹಿಡಿಯಿತು. ಆ ಪದಗಳು ಕಡತದಿಂದ ಇಳಿದು ಸವದತ್ತಿಯ, ಕೂಡ್ಲಿಗಿಯ, ರಾಯಚೂರಿನ ಕೇರಿಗಳನ್ನು ತಲುಪುತ್ತವೆಯೇ ಎಂಬುದನ್ನು ಮಸೂದೆಗೆ ಕೈಯೆತ್ತಿದವರೇ ವಿಚಾರಿಸಬೇಕು. ನಾಗರತ್ನಮ್ಮನವರ ಪಾಠವೂ ಇಲ್ಲಿ ಅನ್ವಯಿಸುತ್ತದೆ. ಪುನರ್ವಸತಿ ಯಾರಿಗಾಗಿಯೋ ಅವರನ್ನು ಕೇಳದೆ ರೂಪಿಸಿದ ಯೋಜನೆ, ರೋಗಿಯ ಮಾತು ಕೇಳದೆ ಬರೆದ ಚೀಟಿಗಿಂತ ಭಿನ್ನವಲ್ಲ.

ಮುತ್ತುಲಕ್ಷ್ಮಿಯವರ ಬದುಕಿನ ಕೊನೆಯ ದೊಡ್ಡ ಕೆಲಸವನ್ನು ಹೇಳದೆ ಈ ಲೇಖನ ಪೂರ್ಣವಾಗದು. ತಂಗಿಯ ಸಾವು ಎತ್ತಿದ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ. 1935ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಶತಮಾನೋತ್ಸವದ ಸಂದರ್ಭದಲ್ಲಿ ಕ್ಯಾನ್ಸರಿಗೆ ಪ್ರತ್ಯೇಕ ಆಸ್ಪತ್ರೆ ಬೇಕೆಂದು ಬಹಿರಂಗವಾಗಿ ಕೇಳಿದರು. ಗುಣವಾಗದ ಕಾಯಿಲೆಗೆ ಆಸ್ಪತ್ರೆಯೇಕೆ ಎಂಬ ಧೋರಣೆ ಅಧಿಕಾರಸ್ಥರಲ್ಲಿತ್ತು. ಅವರು ಮನೆಮನೆಗೆ ಹೋಗಿ ಹಣ ಕೂಡಿಸಿದರು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಹನ್ನೆರಡು ಹಾಸಿಗೆಗಳೊಂದಿಗೆ ಬಾಗಿಲು ತೆರೆಯಿತು. ಅವರ ಮಗ ಡಾ. ಕೃಷ್ಣಮೂರ್ತಿ ಮತ್ತು 1955ರಲ್ಲಿ ಅಲ್ಲಿಗೆ ಬಂದು 2021ರಲ್ಲಿ ನಿಧನರಾಗುವವರೆಗೂ ಅಲ್ಲೇ ದುಡಿದ ಡಾ. ವಿ. ಶಾಂತಾ ಅದನ್ನು ದೇಶದ ಪ್ರಮುಖ ಕ್ಯಾನ್ಸರ್ ಕೇಂದ್ರಗಳಲ್ಲಿ ಒಂದಾಗಿ ಬೆಳೆಸಿದರು. ಹಣವಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿಲ್ಲಬಾರದು ಎಂಬ ನಿಲುವನ್ನು ಆ ಸಂಸ್ಥೆ ಪಾಲಿಸಿಕೊಂಡು ಬಂತು. 1956ರಲ್ಲಿ ಪದ್ಮಭೂಷಣ ಪಡೆದ ಮುತ್ತುಲಕ್ಷ್ಮಿ 1968ರ ಜುಲೈ 22ರಂದು ತೀರಿಕೊಂಡರು.

ಅವರು ಶಾಸನಸಭೆಯಲ್ಲಿದ್ದದ್ದು ಮೂರೂವರೆ ವರ್ಷಕ್ಕಿಂತ ಹೆಚ್ಚಿಲ್ಲ. ಬದುಕಿದ್ದು ಸುಮಾರು ಎಂಬತ್ತೆರಡು ವರ್ಷ. ಆ ಮೂರೂವರೆ ವರ್ಷದಲ್ಲಿ ಎತ್ತಿದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಉಳಿದ ಆಯುಷ್ಯವನ್ನೆಲ್ಲ ಸವೆಸಿದರು. ಇಂದು ನಮ್ಮ ವಿಧಾನಸಭೆ, ಲೋಕಸಭೆಗಳಲ್ಲಿ ಹೆಸರಿನ ಹಿಂದೆ ‘ಡಾ.’ ಇರುವವರಿಗೆ ಕೊರತೆಯಿಲ್ಲ. ವೈದ್ಯಕೀಯ ಕಾಲೇಜುಗಳ ಮಾಲೀಕರಿಗಂತೂ ಬರವೇ ಇಲ್ಲ. ತಾವು ಅಂಗೀಕರಿಸಿದ ಕಾಯ್ದೆಯಿಂದ ರೋಗಿ ಚೇತರಿಸಿಕೊಂಡರೇ ಎಂದು ಮರುದಿನ ಬೆಳಿಗ್ಗೆ ವಾರ್ಡಿಗೆ ಹೋಗಿ ನೋಡುವವರು ಎಷ್ಟು ಮಂದಿ? ಸದನದ ಅವಧಿ ಮುಗಿದ ಮೇಲೂ ಆ ಸರದಿಯನ್ನು ತಪ್ಪಿಸದ ಒಬ್ಬ ವೈದ್ಯೆ ನಮ್ಮ ನೆರೆಯಲ್ಲೇ ಬಾಳಿದ್ದರು.